ತಮಟೆ ಯಾರ ಅಂಗಳದಲ್ಲಿ?

ನಾನು ಪಾಠ ಮಾಡುವ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಜಾನಪದ ಉತ್ಸವ ನಡೆಯುತ್ತದೆ. ಹುಡುಗರು ಪಂಚೆ, ಹುಡುಗಿಯರು ಇಳಕಲ್ ಸೀರೆ ಉಟ್ಟು ಬರುತ್ತಾರೆ. ಎರಡು ವರ್ಷದ ಹಿಂದೆ ಮೆರವಣಿಗೆಗೆ ತಮಟೆಯವರನ್ನು ಕರೆಸುವ ಕೆಲಸ ನನ್ನ ಪಾಲಿಗೆ ಬಂತು. 'ನಿಮ್ ಕಡೆಯವರು ಇರ್ತಾರಲ್ಲ ಸಾರ್, ಒಂದ್ಮಾತು ಹೇಳಿದ್ರೆ ಬರ್ತಾರೆ' ಅಂದರು ಹಿರಿಯರೊಬ್ಬರು. ನಾಲ್ಕು ಜನ ಬಂದರು. ಗೇಟಿನಿಂದ ವೇದಿಕೆಯವರೆಗೆ ಬಾರಿಸಿದರು. ವೇದಿಕೆಯ ಮೆಟ್ಟಿಲು ಬಂದ ಕೂಡಲೇ ಯಾರೋ ಕೈಸನ್ನೆ ಮಾಡಿ ನಿಲ್ಲಿಸಿದರು. ಆಮೇಲೆ ಒಂದೂವರೆ ಗಂಟೆ 'ಅಳಿವಿನಂಚಿನ ಜಾನಪದ ಕಲೆಗಳು' ಎಂಬ ಭಾಷಣ. ಆ ನಾಲ್ವರು ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ ಕೂತು ದುಡ್ಡಿಗೆ ಕಾಯುತ್ತಿದ್ದರು. ಕರೆತಂದವನು ನಾನೇ ಆದ್ದರಿಂದ ಆ ದಿನದ ನಾಚಿಕೆಯಲ್ಲಿ ನನಗೂ ಪಾಲಿದೆ.

ಗ್ರಾಮೀಣ ಕಲೆಗಳನ್ನು ಉಳಿಸಬೇಕು, ಹಳ್ಳಿಗಳಿಗೆ ರಂಗಮಂದಿರ ಬೇಕು ಎಂಬ ಮಾತು ಎಲ್ಲ ಕಡೆಯೂ ಕೇಳುತ್ತಿದೆ. ಆದರೆ ಆ ಕಲೆ ಯಾರ ಅಂಗಳದಲ್ಲಿ, ಯಾರ ಕರೆಗೆ ನಡೆಯುತ್ತದೆ ಎಂದು ಕೇಳುವವರು ಕಡಿಮೆ. ನನ್ನ ಮಾತು ಇಷ್ಟೇ: ಕಲಾವಿದನಿಗೆ 'ಬರಲ್ಲ' ಎನ್ನುವ ಹಕ್ಕು ಇರಬೇಕು, ನಿಂತು ನುಡಿಸಲು ತನ್ನದೇ ಜಾಗ ಇರಬೇಕು. ಇವೆರಡೂ ಇಲ್ಲದೆ ನಡೆಯುವ ಪುನರುಜ್ಜೀವನ ಹಳೆಯ ಬಿಟ್ಟಿಚಾಕರಿಗೆ ಇಟ್ಟ ಹೊಸ ಹೆಸರು.

1

ದಕ್ಷಿಣದಲ್ಲಿ ತಮಟೆ, ಉತ್ತರದಲ್ಲಿ ಹಲಗೆ. ಬಳೆಯಾಕಾರದ ಚೌಕಟ್ಟು, ಅದಕ್ಕೆ ಬಿಗಿದ ಚರ್ಮ, ಒಂದು ದಪ್ಪ ಕೋಲು, ಒಂದು ತೆಳು ಕಡ್ಡಿ. ನುಡಿಸುವ ಮುಂಚೆ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ಕಾಯದಿದ್ದರೆ ಚರ್ಮ ಬಿಗಿಯಾಗುವುದಿಲ್ಲ, ನಾದ ಏಳುವುದಿಲ್ಲ. ಈಗ ಫೈಬರ್ ತಮಟೆ ಬಂದಿದೆ. ಅದಕ್ಕೆ ಬೆಂಕಿ ಬೇಡ, ಮಳೆಯ ಭಯವೂ ಇಲ್ಲ. ಸಾವಿಗೆ ಒಂದು ಬಡಿತ, ಮದುವೆಗೆ ಒಂದು, ಜಾತ್ರೆಗೆ ಒಂದು, ಊರಿಗೆ ಸುದ್ದಿ ಸಾರಲು ಇನ್ನೊಂದು. ದೂರದಿಂದಲೇ ಕೇಳಿ 'ಇವತ್ತು ಯಾರೋ ಹೋದ್ರು' ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ಇಷ್ಟು ಸೂಕ್ಷ್ಮ ವಿದ್ಯೆಯನ್ನು ಊರು ವಿದ್ಯೆ ಎಂದು ಕರೆಯಲಿಲ್ಲ. ಅದು ತೋಟಿ ಕೆಲಸದ ಭಾಗವಾಗಿತ್ತು. ಸತ್ತ ದನ ಎತ್ತುವುದು, ಸಾವಿನ ಸುದ್ದಿ ಹೊತ್ತು ಊರೂರು ಅಲೆಯುವುದು, ತಮಟೆ ಬಾರಿಸುವುದು ಎಲ್ಲ ಒಂದೇ ಗಂಟು. ತಾತ ಹೇಳುತ್ತಿದ್ದರು: 'ಕರದ್ರೆ ಹೋಗ್ಬೇಕಿತ್ತು ಕಣಪ್ಪ. ಜ್ವರ ಬಂದೈತೆ ಅಂದ್ರೂ ಬಿಡ್ತಿರ್ಲಿಲ್ಲ. ಬರಲ್ಲ ಅನ್ನೋ ಮಾತೇ ನಮ್ ಬಾಯಲ್ಲಿ ಇರ್ಲಿಲ್ಲ.' 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಗ್ರಾಮ ಚಾಕರಿಯನ್ನು ಕಾನೂನಿನಲ್ಲಿ ಕೊನೆಗಾಣಿಸಿತು. 1989ರ ದೌರ್ಜನ್ಯ ತಡೆ ಕಾಯ್ದೆ ದಲಿತರಿಂದ ಬಿಟ್ಟಿ ದುಡಿಸುವುದನ್ನು ಅಪರಾಧ ಎಂದಿತು. ಆದರೂ ನಮ್ಮೂರಿನಲ್ಲಿ ಹಬ್ಬದ ದಿನ ಬರುತ್ತಿದ್ದ ಕರೆ ನಿಲ್ಲಲಿಲ್ಲ. ಕಾನೂನು ಹುದ್ದೆಯನ್ನು ತೆಗೆಯಿತು, ಊರು ರೂಢಿಯನ್ನು ಇಟ್ಟುಕೊಂಡಿತು.

2

70ರ ದಶಕದಲ್ಲಿ ದಲಿತ ಚಳವಳಿ ಹಳ್ಳಿಗಳಿಗೆ ಬಂದಾಗ ಎರಡು ಸಂಗತಿಗಳು ಒಟ್ಟಿಗೇ ನಡೆದವು. ಒಂದು ಕಡೆ ಹಾಡು ಬಂತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪ್ರಕಟವಾಯಿತು. ಸಭೆಗೆ, ಜಾಥಾಕ್ಕೆ ತಮಟೆಯೇ ಕರೆಗಂಟೆಯಾಯಿತು. ಇನ್ನೊಂದು ಕಡೆ ಊರಿನ ಕೆಲಸಕ್ಕೆ ತಮಟೆ ಮುಟ್ಟುವುದಿಲ್ಲ ಎಂಬ ತೀರ್ಮಾನ ಅನೇಕ ಕೇರಿಗಳಲ್ಲಿ ಆಯಿತು. ನಮ್ಮಪ್ಪ ಆಗಿನ ಹುಡುಗ. ತಾತನ ತಮಟೆಯನ್ನು ಕಿತ್ತುಕೊಂಡು ಅಟ್ಟಕ್ಕೆ ಎಸೆದವರು ಅವರೇ. ಆ ವರ್ಷ ನಮ್ಮ ಮನೆಗೆ ಕೂಲಿ ಸಿಗಲಿಲ್ಲ. ಅಂಗಡಿಯಲ್ಲಿ ಸಾಲ ನಿಂತಿತು. ಆ ಎಸೆತಕ್ಕೆ ತೆತ್ತ ಬೆಲೆ ಅದು.

ಈ ಇಕ್ಕಟ್ಟನ್ನು ಡಿ.ಆರ್. ನಾಗರಾಜ್ 1993ರಲ್ಲಿ ಬಂದ 'ದಿ ಫ್ಲೇಮಿಂಗ್ ಫೀಟ್' ಪುಸ್ತಕದಲ್ಲಿ ಚರ್ಚಿಸಿದ್ದಾರೆ. ಆತ್ಮಗೌರವಕ್ಕಾಗಿ ದಲಿತ ತನ್ನ ಹಿಂದಿನದನ್ನು ಬಿಡಬೇಕಾಗುತ್ತದೆ. ಬಿಟ್ಟಾಗ ಅವಮಾನದ ಜತೆಗೆ ತನ್ನ ನೆನಪು, ದೇವರು, ಕಲೆಯೂ ಹೋಗುತ್ತವೆ. ಹೊರಗಿನಿಂದ ಬಂದ ಕಲಾಪ್ರೇಮಿಗೆ ಅಪ್ಪನ ಎಸೆತ ನಷ್ಟವಾಗಿ ಕಾಣುತ್ತದೆ. ನನಗೆ ಅದು ನಮ್ಮ ಮನೆಯಲ್ಲಿ ನಡೆದ ಮೊದಲ ವಿಮರ್ಶೆ. ಅದನ್ನು ಅಳಿಸಿ ಹಾಕಿ ತಮಟೆಯನ್ನು ಮತ್ತೆ ಕೈಗೆ ತೆಗೆದುಕೊಳ್ಳಲಾಗದು. ಅದನ್ನು ಒಪ್ಪಿಕೊಂಡೇ ತೆಗೆದುಕೊಳ್ಳಬೇಕು.

3

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷದ ವಿಷಯ. ಆದರೆ ಒಬ್ಬ ಕಲಾವಿದನಿಗೆ ಸಿಕ್ಕ ಗೌರವ ಪ್ರತಿ ಕೇರಿಯ ತಮಟೆಗೂ ತಾನಾಗಿ ಇಳಿದು ಬರುವುದಿಲ್ಲ. ಇಳಿಯಲು ಜಾಗ ಬೇಕು.

ಹಳ್ಳಿಯಲ್ಲಿ ಜಾಗ ಕಟ್ಟಬಹುದು ಎಂಬುದಕ್ಕೆ ಹೆಗ್ಗೋಡಿನ ನೀನಾಸಮ್ ದೊಡ್ಡ ಉದಾಹರಣೆ. 1949ರಲ್ಲಿ ಶುರುವಾದ ಸಂಘ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ತಿರುಗಾಟ ಆರಂಭಿಸಿತು. ಅದರಿಂದ ಕಲಿಯಬೇಕಾದ್ದು ಕಟ್ಟಡದ ವಿನ್ಯಾಸವನ್ನಲ್ಲ, ವರ್ಷ ವರ್ಷವೂ ಬಿಡದೆ ನಡೆಸುವ ಶಿಸ್ತನ್ನು. ಆದರೆ ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು ಕೋಲಾರದ ತೇರಹಳ್ಳಿ ಬೆಟ್ಟದ 'ಆದಿಮ'. ದಲಿತ ಚಳವಳಿಗೆ ಹಾಡು ಕೊಟ್ಟ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ್ದು. ಅಲ್ಲಿ 'ಹುಣ್ಣಿಮೆ ಹಾಡು' ನೂರಕ್ಕೂ ಹೆಚ್ಚು ಹುಣ್ಣಿಮೆಗಳಲ್ಲಿ ನಡೆದಿದೆ. ತಿಂಗಳಿಗೊಮ್ಮೆ, ತಿಥಿ ಗೊತ್ತಿರುವುದರಿಂದ ಆಹ್ವಾನ ಪತ್ರಿಕೆಯ ಹಂಗಿಲ್ಲ. ಬೆಳದಿಂಗಳು ಊರಿಗೂ ಕೇರಿಗೂ ಒಂದೇ. ಇಲ್ಲಿ ಕರೆಯುವವರೂ ನಾವೇ, ಕೂರುವವರೂ ನಾವೇ.

ಇನ್ನೊಂದು, ಯಾರೂ ರಂಗಮಂದಿರ ಎಂದು ಕರೆಯದ ಜಾಗ: ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು. ಬನದ ಹುಣ್ಣಿಮೆಗೆ ಆರಂಭವಾಗುವ ಸಿದ್ಧಪ್ಪಾಜಿ ಜಾತ್ರೆ ಐದು ದಿನ ನಡೆಯುತ್ತದೆ. ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕತೆ ಹಾಡುತ್ತಾರೆ. ಪಂಕ್ತಿಸೇವೆಯಲ್ಲಿ ಜಾತಿ ನೋಡದೆ ಸಾಲಾಗಿ ಕೂತು ಬಾಡೂಟ ಉಣ್ಣುತ್ತಾರೆ. ಪ್ರಾಣಿಬಲಿ ತಡೆಯ ಹೆಸರಿನಲ್ಲಿ ಈ ಊಟಕ್ಕೆ ಅಡ್ಡಿ ಬಂದಾಗ ಒಕ್ಕಲಿನವರು 'ಇದು ಬಲಿಯಲ್ಲ, ಪಂಕ್ತಿಸೇವೆ' ಎಂದು ವಾದಿಸಿದರು. ಹಾಡು ಬೇಕು, ಹಾಡುವವರ ಊಟ ಬೇಡ ಎಂದರೆ ಆ ಜಾಗ ಅವರದಾಗಿ ಉಳಿಯುವುದಿಲ್ಲ. ಅವರು ಹಿಡಿದ ಪಟ್ಟು ಜಾಗಕ್ಕಾಗಿಯೂ ಹೌದು.

4

ನಮ್ಮ ಕೇರಿಯಲ್ಲಿ ಒಂದು ಸಮುದಾಯ ಭವನ ಇದೆ. ಏಪ್ರಿಲ್ 14ಕ್ಕೆ ಬೀಗ ತೆಗೆಯುತ್ತಿದ್ದರು, ಮಿಕ್ಕ ದಿನ ಯಾರದೋ ರಾಗಿ ಮೂಟೆ. ಕಾಲೇಜಿನ ಆ ಘಟನೆಯ ನಂತರ ಏಳೆಂಟು ಹುಡುಗರು ಸೇರಿ ಮೂಟೆ ಹೊರಗಿಡಿಸಿದೆವು, ಸುಣ್ಣ ಬಳಿದೆವು. ಭಾನುವಾರ ಸಂಜೆ ತಮಟೆ ಕಲಿಯುವುದೆಂದು ಆಯಿತು. ಕಲಿಸಲು ಉಳಿದಿದ್ದವರು ತಾತನ ವಾರಿಗೆಯ ಒಬ್ಬರೇ. ಅಟ್ಟದಿಂದ ಹಳೆಯ ತಮಟೆ ಇಳಿಸಿದ ದಿನ ಅಪ್ಪ ಊಟ ಮಾಡಲಿಲ್ಲ. 'ನಾನು ಬಿಸಾಕಿದ್ದನ್ನ ನೀನು ಎಮ್ಮೆ ಮಾಡಿ ಎತ್ಕೊಂಡ್ ಬರ್ತೀಯ? ಇದಕ್ಕಾ ನಿನ್ನ ಎಂಎ ಓದ್ಸಿದ್ದು?' ಅಂದರು. ಉತ್ತರ ನನ್ನ ಬಳಿ ಇರಲಿಲ್ಲ.

ಆ ಮಾತಿನಿಂದಲೇ ನಮ್ಮ ಕಟ್ಟಳೆಗಳು ಹುಟ್ಟಿದವು. ಸಾವಿಗೆ, ಸಾರುವುದಕ್ಕೆ ಊರಿನವರು ಕರೆದರೆ ಹೋಗುವುದಿಲ್ಲ. ಕೇರಿಯ ಸಾವಿಗೆ ಹೋಗುವುದು ಬಿಡುವುದು ನಮ್ಮಿಷ್ಟ. ಹೊರಗೆ ಹೋದರೆ ಸಂಭಾವನೆ ಮೊದಲೇ ಬರೆದುಕೊಳ್ಳಬೇಕು, ವೇದಿಕೆಯ ಮೇಲೆ ನುಡಿಸಬೇಕು, ಎಲ್ಲರ ಸಾಲಿನಲ್ಲೇ ಊಟ. ಹೆಣ್ಣುಮಕ್ಕಳಿಗೂ ಕೋಲು ಕೊಡಬೇಕು. ಈ ಕೊನೆಯದಕ್ಕೆ ಊರಿಗಿಂತ ಹೆಚ್ಚು ತಕರಾರು ಬಂದದ್ದು ನಮ್ಮ ಕೇರಿಯಿಂದಲೇ. ಅದನ್ನು ಮುಚ್ಚಿಡಬಾರದು. ಈಗ ಮೂವರು ಹುಡುಗಿಯರು ಬರುತ್ತಾರೆ.

ಕಳೆದ ಜಾತ್ರೆಗೆ ಊರಿನಿಂದ ಕರೆ ಬಂತು. ಕಟ್ಟಳೆ ಹೇಳಿದೆವು. 'ಎಲ್ಲಾ ಸರಿ, ಊಟದ ಸಾಲು ಮಾತ್ರ ಬ್ಯಾಡ' ಅಂದರು. ಹೋಗಲಿಲ್ಲ. ಪಕ್ಕದೂರಿನಿಂದ ಬೇರೆಯವರನ್ನು ಕರೆಸಿಕೊಂಡರು. ಅವರೂ ನಮ್ಮವರೇ, ಅವರಿಗೂ ಹೊಟ್ಟೆ ಇದೆ, ಬೈಯಲು ಬಾಯಿ ಬರಲಿಲ್ಲ. ಒಂದು ಕೇರಿ ಮಾತ್ರ 'ಬರಲ್ಲ' ಅಂದರೆ ಸಾಲದು, ಹೋಬಳಿಯ ಕೇರಿಗಳೆಲ್ಲ ಕೂತು ಮಾತಾಡಬೇಕು ಎಂಬುದು ಅವತ್ತು ಅರ್ಥವಾಯಿತು. ಆ ರಾತ್ರಿ ನಮ್ಮ ಭವನದ ಮುಂದೆ ನಾವೇ ನುಡಿಸಿದೆವು. ಅಪ್ಪ ಬಾಗಿಲ ಹತ್ತಿರ ನಿಂತು ಕೇಳಿದರು. ಒಳಗೆ ಬರಲಿಲ್ಲ. 'ಹೋಗ್ದೇ ಇದ್ದಿದ್ದು ಒಳ್ಳೇದಾಯ್ತು' ಎಂದಷ್ಟೇ ಹೇಳಿದರು.

ದಲಿತ ವಿಮರ್ಶೆ ಕತೆ-ಕವಿತೆಗಳ ಓದಿನಲ್ಲಿ ಬಹಳ ಕೆಲಸ ಮಾಡಿದೆ. ಅದೇ ಕಣ್ಣಿನಿಂದ ಜಾತ್ರೆಯ ಮೈದಾನವನ್ನು, ಬೀಗ ಬಿದ್ದ ಭವನವನ್ನು, ಕಾಲೇಜಿನ ಉತ್ಸವವನ್ನೂ ಓದಬೇಕು. ವಿದ್ಯಾರ್ಥಿ ಗೆಳೆಯರು ಊರಿಗೆ ಹೋದಾಗ ಹಾಡು ಧ್ವನಿಮುದ್ರಿಸುವ ಮುಂಚೆ ಮೂರು ಪ್ರಶ್ನೆ ಕೇಳಲಿ: ನಿಮ್ಮ ಕೇರಿಯ ಭವನದ ಬೀಗದ ಕೈ ಯಾರ ಹತ್ತಿರ ಇದೆ? ನಿಮಗೆ ದುಡ್ಡು ಎಷ್ಟು ಕೊಡುತ್ತಾರೆ? ಬರಲ್ಲ ಅಂದರೆ ಏನಾಗುತ್ತದೆ?