ಔಟ್ ರನ್: ರೇಡಿಯೋ ಹಾಕಿಕೊಂಡು ಹೊರಟ ಕೆಂಪು ಕಾರು

ಔಟ್ ರನ್, ಜಪಾನಿನ ಸೆಗಾ ಕಂಪನಿ 1986ರಲ್ಲಿ ಹೊರತಂದ ಆರ್ಕೇಡ್ ಕಾರ್ ಗೇಮ್. ರೂಪಿಸಿದವರು ಯು ಸುಜುಕಿ. ಅದಕ್ಕಾಗಿ ಅವರು ಯುರೋಪಿನ ರಸ್ತೆಗಳಲ್ಲಿ ಕಾರಿನಲ್ಲೇ ಸುತ್ತಾಡಿ ಬಂದಿದ್ದರು.

ತೆರೆಯ ಮೇಲೆ ಫೆರಾರಿ ಟೆಸ್ಟರೋಸಾವನ್ನು ಹೋಲುವ ಕೆಂಪು ಕಾರು, ಮೇಲೆ ಛಾವಣಿಯಿಲ್ಲ, ಪಕ್ಕದಲ್ಲಿ ಗೆಳತಿ. ಸೋಲಿಸಬೇಕಾದ ಎದುರಾಳಿ ಯಾರೂ ಇಲ್ಲ. ಪೈಪೋಟಿ ಗಡಿಯಾರದ ಜೊತೆ ಮಾತ್ರ. ಹಂತ ಮುಗಿಯುತ್ತಿದ್ದಂತೆ ರಸ್ತೆ ಕವಲೊಡೆಯುತ್ತದೆ. ಎಡಕ್ಕೋ ಬಲಕ್ಕೋ, ಆಟಗಾರನೇ ತೀರ್ಮಾನಿಸಬೇಕು. ಒಟ್ಟು 15 ಹಂತಗಳಿದ್ದರೂ ಒಂದು ಆಟದಲ್ಲಿ ಸಿಗುವುದು 5 ಮಾತ್ರ. ಹೀಗೆ 16 ದಾರಿಗಳು, 5 ಗುರಿಗಳು. ಒಮ್ಮೆ ಗೆದ್ದವರಿಗೂ ಮತ್ತೆ ನಾಣ್ಯ ಹಾಕಲು ಇದೇ ಕಾರಣ ಸಾಕು.

ಇಲ್ಲಿ ನಿಜವಾದ ಮೂರು ಆಯಾಮದ ಚಿತ್ರಗಳಿಲ್ಲ. ಮರ, ಫಲಕ, ಲಾರಿಗಳ ಚಪ್ಪಟೆ ಚಿತ್ರಗಳನ್ನೇ ಯಂತ್ರ ಸರಸರನೆ ಹಿಗ್ಗಿಸುತ್ತದೆ. ಅವು ದೂರದಿಂದ ನುಗ್ಗಿ ಬಂದಂತೆ ಕಾಣುತ್ತವೆ. ದೊಡ್ಡ ಮಾದರಿಯ ಯಂತ್ರದಲ್ಲಿ ಕೂತ ಸೀಟೂ ತಿರುವಿನ ಜೊತೆ ಓಲಾಡುತ್ತಿತ್ತು.

ಆಟದ ನಿಜವಾದ ಜೀವ ಹಿರೋಶಿ ಕವಾಗುಚಿ ಅವರ ಸಂಗೀತ. ಹೊರಡುವ ಮುನ್ನ ಕಾರಿನ ರೇಡಿಯೋ ತಿರುಗಿಸಿ 3 ಟ್ಯೂನ್‌ಗಳಲ್ಲಿ ಒಂದನ್ನು ಆರಿಸಬಹುದು. ಹಾಗಾಗಿ ಅದು ರೇಸ್ ಅನ್ನಿಸುವುದಿಲ್ಲ, ಪ್ರವಾಸ ಅನ್ನಿಸುತ್ತದೆ. ಇಂದಿನ ಸಿಂಥ್‌ವೇವ್ ಸಂಗೀತಕ್ಕೆ ‘ಔಟ್‌ರನ್’ ಎಂಬ ಇನ್ನೊಂದು ಹೆಸರು ಬಂದದ್ದು ಈ ಆಟದಿಂದಲೇ.