ಎದೆಯೊಳಗಿನ ಬೂಷ್ಟು: ಪತ್ತೆ ಹೇಗೆ?

ಮಳೆಗಾಲದಲ್ಲಿ ಮರೆತಿಟ್ಟ ಬ್ರೆಡ್ಡಿನ ಮೇಲೆ, ತೆಂಗಿನಕಾಯಿ ಹೋಳಿನ ಮೇಲೆ ಬೂಷ್ಟು ಹಿಡಿಯುವುದನ್ನು ನೋಡಿದ್ದೀರಲ್ಲ? ಅದೇ ಶಿಲೀಂಧ್ರ. ಕಣ್ಣಿಗೆ ಕಾಣದ ಅದರ ಬೀಜಕಣಗಳು ಗಾಳಿಯಲ್ಲಿ ತೇಲುತ್ತಿರುತ್ತವೆ. ನಾವೆಲ್ಲರೂ ದಿನವೂ ಅವನ್ನು ಉಸಿರಾಡುತ್ತೇವೆ. ಆರೋಗ್ಯವಂತ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ, ಬಹುಕಾಲ ಸ್ಟಿರಾಯ್ಡ್ ತೆಗೆದುಕೊಂಡ ಅಥವಾ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕಡಿಮೆಯಿರುವ ಮಕ್ಕಳ ಶ್ವಾಸಕೋಶದಲ್ಲಿ ಅವು ಬೇರೂರಬಹುದು.

ಆಗ ಬರುವುದು ಜ್ವರ, ಕೆಮ್ಮು, ಏದುಸಿರು. ನ್ಯುಮೋನಿಯಾ, ಕ್ಷಯ ರೋಗಗಳ ಲಕ್ಷಣಗಳೂ ಇವೇ! ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್‌ಗಳಲ್ಲಿ ಕಲೆ ಕಾಣುತ್ತದೆ. ಅದು ಯಾವ ರೋಗಾಣುವಿನದು ಎಂದು ಖಚಿತವಾಗುವುದಿಲ್ಲ.

ದೊಡ್ಡವರು ಕಫ ಉಗುಳಿ ಕೊಡುತ್ತಾರೆ. ಚಿಕ್ಕ ಮಕ್ಕಳು ನುಂಗಿಬಿಡುತ್ತಾರೆ. ಹಾಗಾಗಿ ವೈದ್ಯರು ಮಗುವಿಗೆ ಮಂಪರು ಬರಿಸಿ, ತೆಳುವಾದ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿ, ಸ್ವಲ್ಪ ಸಲೈನ್ ಬಿಟ್ಟು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಪರೀಕ್ಷೆಗೆ ಹೋಗುವುದು ಈ ನೀರು.

ಪ್ರಯೋಗಾಲಯದಲ್ಲಿ ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸುತ್ತಾರೆ. ದೇಹದ ಜೀವಕೋಶಗಳು ಕರಗಿ, ಗಟ್ಟಿ ಗೋಡೆಯ ಶಿಲೀಂಧ್ರದ ಎಳೆಗಳು ಉಳಿಯುತ್ತವೆ. ಅಡ್ಡಗೋಡೆಗಳಿರುವ ತೆಳು ಎಳೆ ಸುಮಾರು 45 ಡಿಗ್ರಿ ಕೋನದಲ್ಲಿ ಕವಲೊಡೆದಿದ್ದರೆ ಆಸ್ಪರ್ಜಿಲಸ್ ಇರಬಹುದು. ಎಳೆ ಅಗಲವಾಗಿ, ಕವಲು 90 ಡಿಗ್ರಿಯತ್ತ ತಿರುಗಿದ್ದರೆ ಮ್ಯೂಕರ್ ಗುಂಪಿನದು. ಕೋವಿಡ್ ಕಾಲದಲ್ಲಿ, 2021ರಲ್ಲಿ, ‘ಕಪ್ಪು ಶಿಲೀಂಧ್ರ’ ಎಂದು ಹೆದರಿಸಿದ್ದು ಇದೇ. ಮಗುವಿನ ಜೀವ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಆಸ್ಪರ್ಜಿಲಸ್‌ಗೆ ಕೊಡುವ ವೊರಿಕೊನಜೋಲ್ ಮ್ಯೂಕರ್‌ಗೆ ನಾಟುವುದಿಲ್ಲ. ಅದಕ್ಕೆ ಆಂಫೊಟೆರಿಸಿನ್ ಬೇಕು.

ಅದೇ ನೀರನ್ನು ಫ್ರೆಂಚ್ ವೈದ್ಯ ಸಬುರೋ ಹೆಸರಿನ ಅಗರ್ ತಟ್ಟೆಯಲ್ಲಿ ಹಾಕಿ ಶಿಲೀಂಧ್ರ ಬೆಳೆಸುತ್ತಾರೆ. ಆಸ್ಪರ್ಜಿಲಸ್ ಕೆಲವೇ ದಿನಗಳಲ್ಲಿ ಬೆಳೆಯುತ್ತದೆ. ಕೆಲವು ಜಾತಿಗಳಿಗೆ ವಾರಗಳೇ ಬೇಕು. ಅಷ್ಟು ಕಾಯಲಾಗದಿದ್ದಾಗ ‘ಗ್ಯಾಲಕ್ಟೊಮ್ಯಾನನ್’ ಪರೀಕ್ಷೆ ನೆರವಾಗುತ್ತದೆ. ಆಸ್ಪರ್ಜಿಲಸ್ ತನ್ನ ಗೋಡೆಯಿಂದ ಉದುರಿಸುವ ಈ ಸಕ್ಕರೆ ವಸ್ತುವನ್ನು ರಕ್ತದಲ್ಲಿ ಅಥವಾ ಶ್ವಾಸಕೋಶದಿಂದ ತೆಗೆದ ನೀರಿನಲ್ಲಿ ಹುಡುಕುತ್ತಾರೆ. ಆದರೆ ಮ್ಯೂಕರ್ ಇದಕ್ಕೆ ಸಿಕ್ಕಿಬೀಳುವುದಿಲ್ಲ.

ಇನ್ನೊಂದು ತೊಡಕಿದೆ. ಗಾಳಿಯಿಂದ ಬಿದ್ದ ಬೀಜಕಣವೂ ತಟ್ಟೆಯಲ್ಲಿ ಬೆಳೆದೀತು! ಆದ್ದರಿಂದ ಒಂದೇ ವರದಿ ಸಾಲದು. ಬ್ಯಾಂಕಿನಲ್ಲಿ ನಾವು ವೋಚರು, ಲೆಡ್ಜರು, ಕೈಯಲ್ಲಿರುವ ನಗದು ತಾಳೆಯಾದ ಮೇಲೆಯೇ ದಿನದ ಲೆಕ್ಕ ಮುಗಿಸುತ್ತಿದ್ದೆವು. ವೈದ್ಯರೂ ಹಾಗೆಯೇ ಮಗುವಿನ ಸ್ಥಿತಿ, ಸ್ಕ್ಯಾನ್, ಪ್ರಯೋಗಾಲಯದ ವರದಿ ಮೂರನ್ನೂ ತಾಳೆ ನೋಡುತ್ತಾರೆ. ಪರೀಕ್ಷೆಗಳ ಪಟ್ಟಿ ಉದ್ದವಾದರೆ ಗಾಬರಿಯಾಗಬೇಡಿ.

ರೋಗನಿರೋಧಕ ಶಕ್ತಿ ಕುಂದಿದ ಮಗುವಿಗೆ ಆಂಟಿಬಯಾಟಿಕ್ ಕೊಟ್ಟರೂ ಜ್ವರ ಇಳಿಯದಿದ್ದರೆ, “ಡಾಕ್ಟರೇ, ಶಿಲೀಂಧ್ರದ ಪರೀಕ್ಷೆ ಬೇಕಾಗಬಹುದೇ?” ಎಂದು ಕೇಳಲು ಸಂಕೋಚ ಬೇಡ. ಮಗು ಈವರೆಗೆ ತೆಗೆದುಕೊಂಡ ಔಷಧಿಗಳ ಚೀಟಿಗಳೂ ಜೊತೆಗಿರಲಿ.