ಉಳಿದ ಅನ್ನಕ್ಕೆ ಸೋಡಾ, ಯೂರಿಯಾಕ್ಕೆ ವಿನೆಗರ್



ಮದುವೆ, ತಿಥಿ, ಜಾತ್ರೆಗಳ ಮರುದಿನ ಪಶುವೈದ್ಯರಿಗೆ ಬರುವ ಕರೆ ಹೆಚ್ಚಾಗಿ ಒಂದೇ ಬಗೆಯದು: ಹಸು ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿಲ್ಲ, ಹಾಲು ಇಳಿದಿದೆ. ವಿಚಾರಿಸಿದರೆ, ಉಳಿದ ಅನ್ನ ಚೆಲ್ಲಲು ಮನಸ್ಸಾಗದೆ ಬಕೆಟ್‌ಗಟ್ಟಲೆ ಮುಂದಿಟ್ಟಿರುತ್ತಾರೆ. "ಅನ್ನ ಹಳಸಿರಲಿಲ್ಲವಲ್ಲ ಸಾರ್" ಎನ್ನುತ್ತಾರೆ. ಹಳಸದ ಅನ್ನವೂ ಹೊಟ್ಟೆಗೆ ಹೋಗಿ ಹುಳಿಯಾಗುತ್ತದೆ.

ನಿಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಆಮ್ಲ, ಪ್ರತ್ಯಾಮ್ಲಗಳ ಪಾಠ ಓದುತ್ತಾರೆ. ನಿಂಬೆರಸ, ಹುಳಿ ಮಜ್ಜಿಗೆ ಆಮ್ಲೀಯ. ಸುಣ್ಣದ ತಿಳಿ, ಅಡುಗೆ ಸೋಡಾ ಕರಗಿಸಿದ ನೀರು ಪ್ರತ್ಯಾಮ್ಲೀಯ, ಅಂದರೆ ಕ್ಷಾರ. ಇದನ್ನು ಅಳೆಯುವ ಅಂಕಕ್ಕೆ ಪಿ.ಹೆಚ್. ಎನ್ನುತ್ತಾರೆ. 7 ನಡುವಿನದು, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದು ಅಂಕ ಇಳಿದರೆ ಆಮ್ಲೀಯತೆ 10 ಪಟ್ಟು, ಎರಡು ಇಳಿದರೆ 100 ಪಟ್ಟು ಏರುತ್ತದೆ.

ಆರೋಗ್ಯವಂತ ಹಸುವಿನ ಮೆಲುಕು ಚೀಲದ ರಸ ಸಾಮಾನ್ಯವಾಗಿ 6ರಿಂದ 7ರೊಳಗೆ ಇರುತ್ತದೆ. ಅದನ್ನು ಅಲ್ಲಿ ಹಿಡಿದಿಡುವುದು ಜೊಲ್ಲು. ಹುಲ್ಲು ಅಗಿದು ಮೆಲುಕು ಹಾಕುವ ದೊಡ್ಡ ಹಸು ದಿನಕ್ಕೆ 100 ಲೀಟರಿಗೂ ಹೆಚ್ಚು ಜೊಲ್ಲು ನುಂಗುತ್ತದೆ. ಅಡುಗೆ ಸೋಡಾದಲ್ಲಿರುವ ಬೈಕಾರ್ಬೊನೇಟೇ ಅದರಲ್ಲೂ ಇದೆ.

ಅನ್ನ, ಮುದ್ದೆ, ಹಿಟ್ಟಿಗೆ ಅಗಿಯುವ ಕೆಲಸವಿಲ್ಲ, ಜೊಲ್ಲೂ ಕಡಿಮೆ. ಸೂಕ್ಷ್ಮಜೀವಿಗಳು ಆ ಪಿಷ್ಟವನ್ನು ಬೇಗನೆ ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಮೊಸರನ್ನು ಹುಳಿ ಮಾಡುವ ಆಮ್ಲವೇ ಅದು. ಪಿ.ಹೆಚ್. 5ಕ್ಕಿಂತ ಕೆಳಗಿಳಿಯಬಹುದು. ಚೀಲದೊಳಗಿನ ದ್ರಾವಣ ಗಾಢವಾದಷ್ಟೂ ರಕ್ತದ ನೀರನ್ನು ತನ್ನತ್ತ ಸೆಳೆಯುತ್ತದೆ. ಹೊಟ್ಟೆಯಲ್ಲಿ ನೀರು ಕುಲುಕುತ್ತಿದ್ದರೂ ಕಣ್ಣು ಗುಳಿ ಬೀಳುವುದು ಇದರಿಂದಲೇ. ಸಗಣಿ ತೆಳುವಾಗಿ ಹುಳಿ ವಾಸನೆ ಬರುತ್ತದೆ. ಒಂದೆರಡು ದಿನದಲ್ಲಿ ಹಸು ನೆಲ ಹಿಡಿದು ಸಾಯಲೂಬಹುದು. ಉಳಿದರೂ ಗೊರಸು ನೋವಿನಿಂದ ಕುಂಟುವುದುಂಟು.

ತಕ್ಷಣ ವೈದ್ಯರಿಗೆ ಹೇಳಿ ಕಳುಹಿಸಿ. ಅವರು ಬರುವವರೆಗೆ, ಹಸು ನಿಂತಿದ್ದರೆ, 100ರಿಂದ 150 ಗ್ರಾಂ ಅಡುಗೆ ಸೋಡಾವನ್ನು ನೀರಿನಲ್ಲಿ ಪೂರ್ತಿ ಕರಗಿಸಿ ನಿಧಾನವಾಗಿ ಕುಡಿಸಬಹುದು. ಆಮ್ಲಕ್ಕೆ ಸೋಡಾ ಸೇರಿದರೆ ಅನಿಲ ಏಳುತ್ತದೆ, ಆದ್ದರಿಂದ ಒಮ್ಮೆಲೇ ಸುರಿಯಬೇಡಿ. ತಲೆಯನ್ನು ತೀರ ಮೇಲೆತ್ತಿದರೆ ಔಷಧ ಶ್ವಾಸಕೋಶ ಸೇರುತ್ತದೆ. ಮಲಗಿದ ಹಸುವಿಗೆ ಬಾಯಿಂದ ಏನನ್ನೂ ಕುಡಿಸಬೇಡಿ. ಬಟ್ಟೆ ಒಗೆಯುವ ಸೋಡಾ ಬೇರೆ ವಸ್ತು, ಅದು ಬಾಯಿ, ಗಂಟಲು ಸುಡುತ್ತದೆ. ಅಂಗಡಿಯಲ್ಲಿ ಕೇಳುವಾಗ ಬರೀ "ಸೋಡಾ" ಎನ್ನಬೇಡಿ.

ಆದರೆ ಮೇವು ಬಿಟ್ಟ ಹಸುವಿಗೆಲ್ಲ ಸೋಡಾ ಕೊಡುವ ಅಭ್ಯಾಸ ಅಪಾಯಕಾರಿ. 100 ಕೆ.ಜಿ. ಹುಲ್ಲಿನ ಉಪಚಾರಕ್ಕೆಂದು 4 ಕೆ.ಜಿ. ಯೂರಿಯಾ ಕರಗಿಸಿಟ್ಟ ನೀರನ್ನು ಹಸು ಕುಡಿಯಿತೆನ್ನಿ. ಯೂರಿಯಾ ಮೆಲುಕು ಚೀಲದಲ್ಲಿ ಒಡೆದು ಅಮೋನಿಯಾ ಆಗುತ್ತದೆ. ಅದು ಕ್ಷಾರ. ಪಿ.ಹೆಚ್. ಏರಿದಷ್ಟೂ ಅಮೋನಿಯಾ ರಕ್ತಕ್ಕೆ ಸಲೀಸಾಗಿ ನುಗ್ಗುತ್ತದೆ. ಇಲ್ಲಿ ಸೋಡಾ ಕೊಟ್ಟರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಅರ್ಧ ಗಂಟೆಯೊಳಗೇ ನಡುಕ, ಬಾಯಲ್ಲಿ ನೊರೆ, ಹೊಟ್ಟೆಯುಬ್ಬರ, ತೂರಾಟ ಕಾಣಿಸಬಹುದು. ಇದಕ್ಕೆ ಹುಳಿಯೇ ಮದ್ದು: 2ರಿಂದ 4 ಲೀಟರ್ ವಿನೆಗರನ್ನು ಸಾಕಷ್ಟು ತಣ್ಣೀರಿನಲ್ಲಿ ಬೆರೆಸಿ ಕುಡಿಸಬೇಕು. ಆಮ್ಲವು ಅಮೋನಿಯಾವನ್ನು ಕಟ್ಟಿಹಾಕುತ್ತದೆ, ತಣ್ಣೀರು ಯೂರಿಯಾ ಒಡೆಯುವುದನ್ನು ನಿಧಾನಿಸುತ್ತದೆ.

ವೈದ್ಯರು ಹೊಟ್ಟೆಯ ರಸ ತೆಗೆದು ಪಿ.ಹೆಚ್. ಕಾಗದದಲ್ಲಿ ನೋಡಿ ತಿಳಿಯಬಲ್ಲರು. ಅದಕ್ಕೂ ಮೊದಲು ಅವರಿಗೆ ಬೇಕಾದದ್ದು ನಿಮ್ಮ ಉತ್ತರ: ಏನು ತಿಂದಿತು, ಎಷ್ಟು, ಯಾವಾಗ? ಮನೆಯವರು ಬೈದಾರೆಂದು ಅನ್ನ ಇಟ್ಟ ಸಂಗತಿಯನ್ನು ಮುಚ್ಚಿಡಬೇಡಿ.